ಹನ್ನೊಂದು ಚೀಟಿ, ಐವತ್ತು ಓವರ್

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಸಂಜೆ ಏಳರ ಮೇಲೆ ಗಿರಾಕಿಗಳು ಕಡಿಮೆ, ಗೆಳೆಯರು ಜಾಸ್ತಿ. ಕಳೆದ ಮಳೆಗಾಲದಲ್ಲಿ ಒಂದು ದಿನ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಬಿಚ್ಚುತ್ತಾ, ಸುಮ್ನೆ, ಎಲ್ಲ ಕಾಲಕ್ಕೂ ಸೇರಿಸಿ ಒಂದು ಏಕದಿನ ಕ್ರಿಕೆಟ್ ತಂಡ ಮಾಡೋಣ ಅಂತ ಮಾತು ಬಂತು. ಅದು ಮುಗಿಯೋಕೆ ಹನ್ನೆರಡು ಸಂಜೆ ಬೇಕಾಯಿತು. ಮುಗಿಯಿತು ಅನ್ನೋದು ನನ್ನ ಮಾತು, ಎಲ್ಲರೂ ಒಪ್ಪಿಲ್ಲ.

ನಾವು ಐದು ಜನ. ನಾನು, ನಿವೃತ್ತ ಮೇಷ್ಟ್ರು, ಮಂಡಿಪೇಟೆಯಲ್ಲಿ ಅಕ್ಕಿ ವ್ಯಾಪಾರ ಮಾಡುವ ಗೆಳೆಯ, ಒಬ್ಬ ಎಲೆಕ್ಟ್ರಿಷಿಯನ್, ಮತ್ತೆ ಇಂಜಿನಿಯರಿಂಗ್ ಓದುವ ಹುಡುಗ.

ಮೊದಲ ದಿನ ನಾನೇ ದಡ್ಡತನ ಮಾಡಿದೆ. ತಲಾ ಹನ್ನೊಂದು ಹೆಸರು ಬರೆಯಿರಿ, ಜಾಸ್ತಿ ಓಟು ಬಿದ್ದವರು ತಂಡದಲ್ಲಿ ಅಂದೆ. ಎಣಿಸಿ ನೋಡಿದರೆ ಎಂಟು ಬ್ಯಾಟ್ಸ್‌ಮನ್‌ಗಳು, ಅದರಲ್ಲಿ ಇಬ್ಬರು ಕೀಪರ್. ಬೌಲರ್‌ಗಳು ಮೂರೇ ಜನ. ಒಬ್ಬನಿಗೆ ಹತ್ತೇ ಓವರ್ ಅಂದಮೇಲೆ ಉಳಿದ ಇಪ್ಪತ್ತು ಓವರ್ ಯಾರು ಹಾಕ್ತಾರೆ? ಹೈಸ್ಕೂಲ್ ಮೈದಾನದ ಟೆನಿಸ್ ಬಾಲ್ ಟೂರ್ನಿಗಳಲ್ಲಿ ವರ್ಷಗಟ್ಟಲೆ ಸ್ಕೋರ್ ಬರೆದವನು ನಾನು. ಹಾಳೆಯ ಕೆಳಗಿನ ಬೌಲಿಂಗ್ ಖಾನೆ ಖಾಲಿ ಬಿದ್ದಿರೋದು ನೋಡಿ ನನಗೇ ನಾಚಿಕೆಯಾಯಿತು.

ಮಾರನೇ ದಿನ ಉಲ್ಟಾ ಶುರು ಮಾಡಿದೆವು. ಮೊದಲು ಐವತ್ತು ಓವರ್ ಹಂಚಬೇಕು, ಬ್ಯಾಟಿಂಗ್ ಆಮೇಲೆ. ಮಿಕ್ಕಿದ್ದ ಲಗ್ನಪತ್ರಿಕೆ ಕಾಗದ ಕತ್ತರಿಸಿ ಚೀಟಿ ಮಾಡಿದೆ. ಒಬ್ಬೊಬ್ಬರ ಹೆಸರಿನ ಕೆಳಗೆ ಅವರ ಕೆಲಸ ಬರೆದೆ: ಹೊಸ ಚೆಂಡು, ನಡುವಿನ ಓವರ್, ಕೊನೆಯ ಓವರ್. ಇನ್ನೊಂದು ಕಾನೂನನ್ನೂ ಮಾಡಿದೆ. ಯಾರನ್ನಾದರೂ ಸೇರಿಸಬೇಕಾದರೆ ಯಾರನ್ನು ತೆಗೀತೀಯ ಅಂತ ಅದೇ ಉಸಿರಿನಲ್ಲಿ ಹೇಳಬೇಕು. ಇದೊಂದರಿಂದಲೇ ಅರ್ಧ ಗಲಾಟೆ ನಿಂತಿತು.

ಪಾಕಿಸ್ತಾನದ ವೇಗಿ ವಾಸಿಂ ಅಕ್ರಂಗೆ ತಕರಾರು ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಬಂತು. ಹುಡುಗ ಹೇಳಿದ, "ಅಣ್ಣ, 2011ರಿಂದ 2025ರವರೆಗೆ ಎರಡೂ ತುದಿಗೆ ಒಂದೊಂದು ಹೊಸ ಚೆಂಡು ಇತ್ತು. ಚೆಂಡು ಹಳೇದೇ ಆಗ್ತಿರಲಿಲ್ಲ. ಅಂಥದ್ರಲ್ಲಿ ಅಕ್ರಂ ಹಳೇ ಚೆಂಡು ತಿರುಗಿಸೋ ಆ ರಿವರ್ಸ್ ಸ್ವಿಂಗ್ ಎಲ್ಲಿಂದ ಮಾಡ್ತಿದ್ದ?" ಒಳ್ಳೇ ಪಾಯಿಂಟೇ. ಆದರೆ 1992ರ ವಿಶ್ವಕಪ್‌ನಲ್ಲೂ ಎರಡು ತುದಿಗೆ ಎರಡು ಬಿಳಿ ಚೆಂಡು ಇತ್ತು. ಅದೇ ಕಪ್ಪಿನ ಫೈನಲ್‌ನಲ್ಲಿ ಅಲನ್ ಲ್ಯಾಂಬ್, ಕ್ರಿಸ್ ಲೂಯಿಸ್ ಇಬ್ಬರನ್ನೂ ಅಕ್ರಂ ಬೆನ್ನುಬೆನ್ನಿಗೆ ಎರಡು ಎಸೆತದಲ್ಲಿ ಬೌಲ್ಡ್ ಮಾಡಿದ. ಹುಡುಗ ಫೋನ್ ತೆಗೆದು ನೋಡಿ ಸುಮ್ಮನಾದ. 502 ವಿಕೆಟ್‌ನ ಚೀಟಿ ಆಯ್ಕೆಯಾದವರ ಡಬ್ಬಿಗೆ ಬಿತ್ತು.

ಆಸ್ಟ್ರೇಲಿಯಾದ ವೇಗಿ ಮೆಕ್‌ಗ್ರಾತ್‌ಗೆ ಎರಡು ನಿಮಿಷವೂ ಹಿಡಿಯಲಿಲ್ಲ. ವಿಶ್ವಕಪ್‌ಗಳಲ್ಲೇ 71 ವಿಕೆಟ್, ಇನ್ನೇನು ಬೇಕು?

ವೆಸ್ಟ್ ಇಂಡೀಸ್‌ನ ವೇಗಿ ಗಾರ್ನರ್ ಹೆಸರು ತಂದವರು ಮೇಷ್ಟ್ರು. "ಯಾರ್ಲೇ ಅದು?" ಅಂದ ಎಲೆಕ್ಟ್ರಿಷಿಯನ್. ಮೇಷ್ಟ್ರು ಕೈ ಮೇಲೆತ್ತಿ ತೋರಿಸಿದರು. ಆರಡಿ ಎಂಟಂಗುಲದ ಆಳು, ಅಷ್ಟು ಎತ್ತರದಿಂದ ಚೆಂಡು ನೇರ ಕಾಲ ಬುಡಕ್ಕೆ. 1979ರ ವಿಶ್ವಕಪ್ ಫೈನಲ್‌ನಲ್ಲಿ 38 ರನ್‌ಗೆ 5 ವಿಕೆಟ್. ಆ ಕಾಲದಲ್ಲಿ ಎಲ್ಲರೂ ನಿಧಾನ ಆಡ್ತಿದ್ರು, ಅದಕ್ಕೇ ರನ್ ಹೋಗಿಲ್ಲ ಅಂತ ಹುಡುಗ ಶುರು ಮಾಡಿದ. ನಿಜ ಇರಬಹುದು. ಆದರೂ 98 ಪಂದ್ಯ ಆಡಿ ಓವರಿಗೆ 3.09 ರನ್, ವಿಕೆಟ್‌ಗೆ 18.84 ಅಂದರೆ ಅದು ಬರೀ ಕಾಲದ ಗುಣ ಅಲ್ಲ. ಕೊನೆಯ ಓವರ್‌ಗಳ ಕೆಲಸ ಅವನಿಗೆ ಕೊಟ್ಟೆವು.

ನಾಲ್ಕನೇ ಚೀಟಿಯೇ ನನಗೆ ಕಷ್ಟವಾಯಿತು. 1993ರ ಹೀರೋ ಕಪ್ ಫೈನಲ್, ಈಡನ್ ಗಾರ್ಡನ್ಸ್, ಕುಂಬ್ಳೆ 12 ರನ್‌ಗೆ 6 ವಿಕೆಟ್. ಅವತ್ತಿಂದ ನನಗೆ ಸ್ಪಿನ್ ಅಂದರೆ ಕುಂಬ್ಳೆ. ಆದರೆ ಲೆಕ್ಕ ಬರೆದಿಟ್ಟಿದ್ದವನು ನಾನೇ. ಕುಂಬ್ಳೆ 337 ವಿಕೆಟ್, ಶ್ರೀಲಂಕಾದ ಸ್ಪಿನ್ನರ್ ಮುರಳೀಧರನ್ 534. ಓವರಿಗೆ ರನ್ ನೋಡಿದರೆ 4.30 ಎದುರು 3.93. ಸೇರಿಸಿದರೆ ಯಾರನ್ನು ತೆಗೀತೀಯ ಅಂತ ನನ್ನ ಕಾನೂನನ್ನೇ ನನ್ನ ಮುಖಕ್ಕೆ ಹಿಡಿದರು. ನಾನೇ ಕುಂಬ್ಳೆ ಚೀಟಿಯನ್ನು ಪಕ್ಕಕ್ಕಿಟ್ಟೆ. ಅವತ್ತು ಮನೆಯಲ್ಲಿ ಊಟ ಸರಿಯಾಗಿ ಸೇರಲಿಲ್ಲ, ಹೆಂಡತಿ ನಕ್ಕಳು.

ಹೀಗೆ ನಲವತ್ತು ಓವರ್ ಆಯಿತು. ಉಳಿದ ಹತ್ತಕ್ಕೇ ನಿಜವಾದ ಜಗಳ.

ಅಕ್ಕಿ ವ್ಯಾಪಾರದ ಗೆಳೆಯ ಕಪಿಲ್ ಭಕ್ತ. 253 ವಿಕೆಟ್, 3783 ರನ್, ಅದೂ ನೂರು ಎಸೆತಕ್ಕೆ 95ರ ವೇಗದಲ್ಲಿ. 1983ರಲ್ಲಿ ಜಿಂಬಾಬ್ವೆ ಎದುರು 17ಕ್ಕೆ 5 ವಿಕೆಟ್ ಬಿದ್ದಾಗ ಹೊಡೆದ ಔಟಾಗದ 175 ಬೇರೆ. ಆ ಆಟದ ವಿಡಿಯೊ ಎಲ್ಲೂ ಇಲ್ಲ, ನಮ್ಮಲ್ಲಿ ಯಾರೂ ನೋಡಿಲ್ಲ. ಇವನು ಮಾತ್ರ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಬೌಂಡರಿ ಪಕ್ಕ ಕೂತು ನೋಡಿದವನ ಹಾಗೆ ಹೇಳ್ತಾನೆ.

ಎಲೆಕ್ಟ್ರಿಷಿಯನ್ ಶ್ರೀಲಂಕಾದ ಜಯಸೂರ್ಯನ ಚೀಟಿ ಇಟ್ಟ. ಸರಾಸರಿ 32, ಇದೇನು ಮಹಾ ಅನಿಸಿತ್ತು ನನಗೆ. ಆದರೆ ಆರಂಭಕ್ಕೆ ಬರುತ್ತಿದ್ದ ಇವನು ಒಟ್ಟು 13,430 ರನ್ ಹೊಡೆದು 323 ವಿಕೆಟ್ ಕೂಡ ತೆಗೆದಿದ್ದಾನೆ. ಒಬ್ಬನ ಜಾಗದಲ್ಲಿ ಎರಡು ಕೆಲಸ. ಅಷ್ಟೇ ಅಲ್ಲ, ಸಚಿನ್ ಜೊತೆ ಎಡಗೈ ಹೊಡೆತಗಾರ ಸಿಕ್ಕಿಬಿಟ್ಟರೆ ಆಸ್ಟ್ರೇಲಿಯಾದ ಕೀಪರ್ ಗಿಲ್‌ಕ್ರಿಸ್ಟ್‌ನ ಆರಂಭ ಬೇಕಾಗಲ್ಲ. ಆಗ ಕೀಪರ್ ಕೆಳಗೆ ಆಡಬಹುದು. ಅಂದರೆ ಧೋನಿ. ಒಂದು ಚೀಟಿ ಸರಿಸಿದ್ದಕ್ಕೆ ಮೂರು ಜಾಗ ತುಂಬಿತು. 2007ರ ವಿಶ್ವಕಪ್ ಫೈನಲ್‌ನ ಆ 149 ನೆನೆಸಿಕೊಂಡರೆ ಗಿಲ್‌ಕ್ರಿಸ್ಟ್‌ನ ಬಿಟ್ಟಿದ್ದು ಈಗಲೂ ಚುಚ್ಚುತ್ತೆ.

ನಡುವಿನ ಬ್ಯಾಟಿಂಗ್ ಬೇಗ ಆಯಿತು. ಕೊಹ್ಲಿ 50 ಶತಕ ದಾಟಿದವನು, ಅವನ ಬಗ್ಗೆ ಮಾತೇ ಇಲ್ಲ. ವೆಸ್ಟ್ ಇಂಡೀಸ್‌ನ ವಿವ್ ರಿಚರ್ಡ್ಸ್‌ಗೆ ಒಂದೇ ಸ್ಕೋರ್ ಹಾಳೆ ಸಾಕು: 1984, ಓಲ್ಡ್ ಟ್ರಾಫರ್ಡ್, ತಂಡ 272, ವಿವ್ ಔಟಾಗದೆ 189, ಉಳಿದವರಲ್ಲಿ ಅತಿ ಹೆಚ್ಚು ಅಂದರೆ 26. ಇಂಥ ಹಾಳೆ ಬರೆಯುವ ಭಾಗ್ಯ ನನಗೆ ಒಮ್ಮೆಯೂ ಸಿಗಲಿಲ್ಲ. ಆಮೇಲೆ ದಕ್ಷಿಣ ಆಫ್ರಿಕಾದ ಡಿವಿಲಿಯರ್ಸ್, ಆಸ್ಟ್ರೇಲಿಯಾದ ಬೆವನ್. ದ್ರಾವಿಡ್ ಅಂತ ಮೇಷ್ಟ್ರು ಮೆಲ್ಲಗೆ ಅಂದರು. ಯಾರನ್ನು ತೆಗೀಬೇಕು ಮೇಷ್ಟ್ರೇ ಅಂದೆ. ಚಹಾ ಕುಡಿದರು.

ನಡುವೆ ಹುಡುಗ ವಿನಯ್ ಕುಮಾರ್ ಚೀಟಿಯನ್ನೂ ಹಾಕಿದ್ದ. ನಮ್ಮೂರಿನವನು, ದಾವಣಗೆರೆ ಎಕ್ಸ್‌ಪ್ರೆಸ್ ಅನ್ನಿಸಿಕೊಂಡವನು. 2013ರಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಎದುರು 9 ಓವರ್‌ಗೆ 102 ರನ್ ಕೊಟ್ಟಿದ್ದು ಎಲ್ಲರಿಗೂ ನೆನಪಿದೆ, ಯಾರೂ ಬಾಯಿಬಿಡಲಿಲ್ಲ. ಅದೇ ವಿನಯ್ ನಾಯಕನಾಗಿ ಕರ್ನಾಟಕಕ್ಕೆ ಸತತ ಎರಡು ರಣಜಿ ಗೆದ್ದುಕೊಟ್ಟವನು ಅಲ್ವಾ? ಚರ್ಚೆಯಿಲ್ಲದೆ ಹನ್ನೆರಡನೇ ಆಟಗಾರ ಮಾಡಿದೆವು. ಇದು ನ್ಯಾಯ ಅಲ್ಲ, ಗೊತ್ತು. ಊರಿನ ಪಾಲು.

ಕೊನೆಗೆ ಡಬ್ಬಿಯಲ್ಲಿ ಉಳಿದವರು: ಸಚಿನ್, ಜಯಸೂರ್ಯ, ಕೊಹ್ಲಿ, ರಿಚರ್ಡ್ಸ್, ಡಿವಿಲಿಯರ್ಸ್, ಬೆವನ್, ಧೋನಿ, ಅಕ್ರಂ, ಗಾರ್ನರ್, ಮುರಳಿ, ಮೆಕ್‌ಗ್ರಾತ್.

ಅಕ್ಕಿ ಗೆಳೆಯ ನಾಲ್ಕು ದಿನ ಅಂಗಡಿ ಕಡೆ ಬರಲಿಲ್ಲ. ಐದನೇ ದಿನ ನಾನೇ ಅಕ್ಕಿ ತರುವ ನೆಪ ಮಾಡಿ ಮಂಡಿಪೇಟೆಗೆ ಹೋದೆ. ತೂಕ ಹಾಕಿದ, ರೊಕ್ಕ ಎಣಿಸಿಕೊಂಡ, ಚೀಲದ ಬಾಯಿ ಕಟ್ಟಿದ. ಆಮೇಲೆ ತಲೆ ಎತ್ತದೆ ಕೇಳಿದ: "ಜಯಸೂರ್ಯ ಎರಡೇ ಓವರ್‌ಗೆ ಮೂವತ್ತು ಕೊಟ್ಟ ಅನ್ನು. ಉಳಿದ ಎಂಟು ಯಾರಿಗೆ ಕೊಡ್ತೀಯಲೇ?"

"ಸಚಿನ್‌ಗೆ ನಾಲ್ಕು, ವಿವ್‌ಗೆ ನಾಲ್ಕು" ಅಂದೆ.

"ಅವರಿಗೂ ಹೊಡೆದ್ರೆ?"

ಚೀಲ ಸ್ಕೂಟರಿನ ಮುಂದಕ್ಕೆ ಇಟ್ಟುಕೊಂಡು, ಸಂಜೆ ಬಾ, ಡಬ್ಬಿ ತೆಗೀತೀನಿ ಅಂತ ಹೇಳಿ ಬಂದೆ.