ಸ್ಟಾರ್ ನೋಡೋದು ಬಿಟ್ಟು ರಿವ್ಯೂ ಓದೋಕೆ ಶುರು ಮಾಡ್ದೆ, ಟ್ರಿಪ್‌ನಲ್ಲಿ ಊಟದ ಜಗಳ ನಿಂತೋಯ್ತು

ಕೋಲಾರ, ಮಾಲೂರು ಕಡೆಯಿಂದ ಧರ್ಮಸ್ಥಳ, ಕುಕ್ಕೆ, ಉಡುಪಿ, ಮುರುಡೇಶ್ವರಕ್ಕೆ ಟಿಟಿ (ಟೆಂಪೋ ಟ್ರಾವೆಲರ್) ಬಿಡೋರಿಗೆ ಊಟದ ತಲೆನೋವು ಏನು ಅಂತ ನಾನು ಹೇಳ್ಬೇಕಾಗಿಲ್ಲ. ದೇವಸ್ಥಾನದ ಊಟಕ್ಕೆ ಯಾರೂ ತಕರಾರು ತೆಗೆಯಲ್ಲ, ಜಗಳ ಎಲ್ಲಾ ದಾರಿ ಮೇಲಿನ ತಿಂಡಿಗೆ, ರಾತ್ರಿ ಊಟಕ್ಕೆ. ಇನ್ಮೇಲೆ ಗೂಗಲ್ ರಿವ್ಯೂ ಓದಿ ಹೋಟ್ಲು ಆರಿಸ್ತೀನಿ ಅಂದಾಗ ನಮ್ ಲೈನಲ್ಲಿರೋ ಹಿರಿಯರೊಬ್ರು "ಅದೆಲ್ಲಾ ದುಡ್ಡು ಕೊಟ್ಟು ಬರೆಸೋದು ಕಣಯ್ಯಾ, ಡ್ರೈವರ್ ನಿಲ್ಸಿದ ಕಡೆ ತಿನ್ನು" ಅಂದ್ರು. ಬರೆಸೋದು ನಿಜಾನೇ. ಆದ್ರೂ ಎರಡು ವರ್ಷದ ಮೇಲಾಯ್ತು, ನಾನು ಕರ್ಕೊಂಡು ಹೋಗೋ ಪಾರ್ಟಿಗಳಲ್ಲಿ ಊಟದ ಕಂಪ್ಲೇಂಟ್ ಹೆಚ್ಚುಕಮ್ಮಿ ಇಲ್ವೇ ಇಲ್ಲ, ಅದೇ ಹಿರಿಯರು ಹೋದ ಶ್ರಾವಣದಲ್ಲಿ ಫೋನ್ ಮಾಡಿ "ಸಕಲೇಶಪುರದ ಹತ್ರ ಎಲ್ಲಿ ನಿಲ್ಸ್ತೀಯಪ್ಪಾ" ಅಂತ ಕೇಳಿದ್ರು.

ಮೊದಲು ಇಟ್ಕೊಂಡಿದ್ದ ರೂಲ್ಸು ಸುಲಭ, 4.5ರ ಮೇಲಿದ್ರೆ ಗಾಡಿ ನಿಲ್ಸೋದು. ಅದು ಪೂರ್ತಿ ಕೈಕೊಡ್ತು. ಕರಾವಳಿ ಕಡೆ 4.6 ಇದ್ದ ಒಂದು ಹೋಟ್ಲಲ್ಲಿ ರಾತ್ರಿ ಊಟ ಆಯ್ತು, ಬೆಳಗಾಗೋದ್ರೊಳಗೆ ಏಳೆಂಟು ಜನಕ್ಕೆ ವಾಂತಿ ಭೇದಿ, ಒಬ್ರು ಅಜ್ಜಿಗೆ ಡ್ರಿಪ್ ಹಾಕಿಸ್ಬೇಕಾಯ್ತು, ಒಂದು ದಿನ ರೂಮು ಎಕ್ಸ್ಟ್ರಾ, ಡ್ರೈವರ್ ಬಾಟಾ (ದಿನದ ಭತ್ಯೆ), ಡಾಕ್ಟರ್ ಫೀಸು ಎಲ್ಲಾ ಸೇರಿ ಹದಿನೈದು ಹದಿನಾರು ಸಾವಿರ ನನ್ ಜೇಬಿಂದ ಹೋಯ್ತು, ಆ ಟ್ರಿಪ್‌ನಲ್ಲಿ ಉಳಿಯೋದೇ ಅಷ್ಟು. ಆಮೇಲೆ ಕೂತ್ಕೊಂಡು ಅದೇ ಹೋಟ್ಲಿನ ರಿವ್ಯೂ ಎಲ್ಲಾ ಓದ್ದೆ. ವಿಷಯ ಅಲ್ಲೇ ಇತ್ತು! ಹಿಂದಿನ ಎರಡು ತಿಂಗಳಲ್ಲಿ ಐದಾರು ಜನ ಚಟ್ನಿ ಹುಳಿ ಬಂದಿತ್ತು, ಮೊದಲಿನವ್ರು ಈಗಿಲ್ಲ, ನಡೆಸೋರು ಬದಲಾಗಿದಾರೆ ಅಂತ ಸ್ಪಷ್ಟವಾಗಿ ಬರೆದಿದ್ರು.

ಹೈವೇ ಹೋಟ್ಲುಗಳು ಲೀಸ್ ಮೇಲೆ ಕೈ ಬದಲಾಗ್ತಾನೇ ಇರ್ತವೆ, ಬೋರ್ಡ್ ಅದೇ, ಭಟ್ರು ಬೇರೆ. ರೇಟಿಂಗ್ ಮಾತ್ರ ಹಳಬರು ಸಂಪಾದಿಸಿದ್ದು. 3000 ರಿವ್ಯೂ ಇದ್ದು 4.4 ಇರೋ ಕಡೆ ಹೊಸದಾಗಿ 100 ಜನ ಎರಡೆರಡೇ ಸ್ಟಾರ್ ಕೊಟ್ರೂ ಅದು ಇಳಿಯೋದು 4.3ಕ್ಕೆ, ಬೇಕಾದ್ರೆ ಲೆಕ್ಕ ಹಾಕಿ ನೋಡಿ. ಅದಕ್ಕೇ ಈಗ ಮೊದಲು ನ್ಯೂಯೆಸ್ಟ್ ಅಂತ ಸಾರ್ಟ್ ಮಾಡ್ತೀನಿ, ಮೂರು ತಿಂಗಳಿಗಿಂತ ಹಳೇದು ಮುಟ್ಟಲ್ಲ. ಮೂರು ಸ್ಟಾರ್ ಕೊಟ್ಟವ್ರದ್ದು ಮೊದಲು ಓದ್ತೀನಿ, ಐದು ಕೊಟ್ಟವ್ನು ಖುಷೀಲಿರ್ತಾನೆ ಇಲ್ಲಾ ದುಡ್ಡು ತಗೊಂಡಿರ್ತಾನೆ, ಒಂದು ಕೊಟ್ಟವ್ನು ಸಿಟ್ಟಲ್ಲಿರ್ತಾನೆ, ಮೂರು ಕೊಟ್ಟವ್ನೇ ಇಡ್ಲಿ ಚೆನ್ನಾಗಿತ್ತು ಟಾಯ್ಲೆಟ್ ಗಬ್ಬು ಅಂತ ಎರಡೂ ಹೇಳೋದು. ವಯಸ್ಸಾದವ್ರನ್ನ ಕರ್ಕೊಂಡು ಹೋಗೋರಿಗೆ ಟಾಯ್ಲೆಟ್ ಮಾತು ಇಡ್ಲಿಗಿಂತ ಮುಖ್ಯ.

ಫೋಟೋ ಗಿರಾಕಿಗಳು ಹಾಕಿದ್ದು ಮಾತ್ರ ನೋಡಿ, ಹೋಟ್ಲೋರೇ ಹಾಕಿದ್ದು ನಂಬ್ಬೇಡಿ. 2017ರಲ್ಲಿ ಲಂಡನ್ನಲ್ಲಿ ಊಬಾ ಬಟ್ಲರ್ ಅನ್ನೋ ಬರಹಗಾರ ಹಿತ್ತಲಲ್ಲಿದ್ದ ತನ್ನ ಶೆಡ್ಡನ್ನ ಟ್ರಿಪ್‌ಅಡ್ವೈಸರ್ ಅನ್ನೋ ರಿವ್ಯೂ ಸೈಟ್‌ನಲ್ಲಿ ಆ ಊರಿಗೇ ನಂಬರ್ ಒನ್ ರೆಸ್ಟೋರೆಂಟ್ ಮಾಡಿಬಿಟ್ಟಿದ್ದ, ಆಗ ಅಲ್ಲಿ ಊಟಾನೇ ಇರ್ಲಿಲ್ಲ, ಫೋಟೋದಲ್ಲಿ ಕ್ರೀಮ್ ತರ ಕಾಣ್ತಿದ್ದಿದ್ದು ಶೇವಿಂಗ್ ಫೋಮು. ಗಿರಾಕಿ ತೆಗೆದ ಫೋಟೋದಲ್ಲಿ ಎಂಜಲು ಟೇಬಲ್ಲು, ಮೆನು ಬೋರ್ಡಿನ ರೇಟು, ಹಿಂದುಗಡೆ ಪಾರ್ಕಿಂಗ್ ಎಲ್ಲಾ ಬಿದ್ದಿರುತ್ತೆ, ನಮಗೆ ಬೇಕಾಗಿರೋದು ಅದೇ.

ಇನ್ನೊಂದು, ಬರೆದವ್ನು ಯಾವ ಕಡೆಯವ್ನು ಅಂತ ಅವ್ನ ಪ್ರೊಫೈಲ್ ತೆಗೆದು ಉಳಿದ ರಿವ್ಯೂಗಳಲ್ಲಿ ನೋಡ್ಬೇಕು. ಉಡುಪಿ ಕಡೆ ಒಳ್ಳೊಳ್ಳೆ ಹೋಟ್ಲಿಗೆ "ಸಾಂಬಾರ್ ಸಿಹಿ, ಅನ್ನ ದಪ್ಪ" ಅಂತ ಎರಡು ಸ್ಟಾರ್ ಬಿದ್ದಿರುತ್ತೆ. ಅಲ್ಲಿ ಸಾಂಬಾರ್‌ಗೆ ಬೆಲ್ಲ ಹಾಕ್ತಾರೆ, ಅನ್ನ ಕುಚಲಕ್ಕಿದು, ಅದು ಹೋಟ್ಲಿನ ತಪ್ಪಲ್ಲ. ಆದ್ರೆ ಮುದ್ದೆ ಉಪ್ಸಾರು ತಿನ್ನೋ ನನ್ ಪಾರ್ಟಿಗೆ ಆ ಎರಡು ಸ್ಟಾರ್ ರಿವ್ಯೂನೇ ಚಿನ್ನ, ಬೆಳ್ತಿಗೆ ಅನ್ನ, ಅಂದ್ರೆ ನಾವು ತಿನ್ನೋ ಬಿಳಿ ಅನ್ನ, ಇದ್ಯಾ ಅಂತ ಮೊದ್ಲೇ ಫೋನ್ ಮಾಡಿ ಕೇಳ್ತೀನಿ.

ಮಧ್ಯದಲ್ಲಿ ಒಂದು ಪರೀಕ್ಷೆ ಮಾಡ್ದೆ. ಒಂದು ಹೋಟ್ಲಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಐದು ಸ್ಟಾರ್ ಕೊಟ್ರೆ ಜಾಮೂನ್ ಫ್ರೀ ಅಂತಿದ್ರು, ಸಪ್ಲೈಯರ್ ಪಕ್ಕದಲ್ಲೇ ನಿಂತಿದ್ದ, ನಮ್ಮೋರು ಹತ್ತು ಹನ್ನೆರಡು ಜನ ಐದೈದು ಒತ್ತಿದ್ರು. ಗಾಡಿ ಹತ್ತಿದ್ಮೇಲೆ ಹೆಸರಿಲ್ದೆ ಚೀಟೀಲಿ ಬರೀರಿ ಅಂದೆ, ಮೂರರ ಮೇಲೆ ಕೊಟ್ಟೋರು ಇಬ್ಬರೋ ಮೂವರೋ. ಹೀಗೆ ಆಸೆ ತೋರ್ಸಿ ಬರೆಸೋದು ಗೂಗಲ್ ರೂಲ್ಸಿಗೇ ವಿರುದ್ಧ. ಆಮೇಲೂ ಬೇರೆ ಬೇರೆ ಕಡೆ ಚೀಟಿ ಬರೆಸ್ದೆ. ಯಾರೂ ಕೇಳ್ದೆ ತಾವಾಗೇ ಉದ್ದ ಬರೆದಿರೋ ರಿವ್ಯೂಗೂ ನಮ್ ಚೀಟಿಗೂ ಹತ್ತಿರ ಹತ್ತಿರ ಹೊಂದಿಕೆ ಬಂತು, ಸ್ಟಾರಿಗೆ ಬರ್ಲಿಲ್ಲ.

ಮನೇಲೇ ಕೂತು ಹೋಟ್ಲಿಗೆ ರೇಟಿಂಗ್ ಕೊಡಿ, ಒಂದಕ್ಕೆ ನೂರೈವತ್ತು ರೂಪಾಯಿ ಅಂತ ಟೆಲಿಗ್ರಾಂನಲ್ಲಿ ಮೆಸೇಜ್ ಬರುತ್ತಲ್ಲ, ನಮ್ ಸಂಬಂಧಿಕರ ಹುಡುಗ ಅದಕ್ಕೆ ಬಿದ್ದು ಕೊನೆಗೆ ಟಾಸ್ಕ್ ಅಂತ ಸುಮಾರು ದುಡ್ಡು ಕಟ್ಟಿ ಕಳ್ಕೊಂಡ. ಅವ್ನು ನೋಡೇ ಇಲ್ದ ಊರಿನ ಹೋಟ್ಲುಗಳಿಗೆ "ಗುಡ್ ಫುಡ್ ನೈಸ್ ಸರ್ವೀಸ್" ಅಂತ ಹಾಕಿದ್ದ. ಆ ತರದವು ಒಂದೇ ವಾರದಲ್ಲಿ ಗುಂಪಾಗಿ ಬಿದ್ದಿರ್ತವೆ, ಯಾವ ತಿಂಡಿ ಅಂತ ಹೆಸರೇ ಇರಲ್ಲ. ಸರ್ಕಾರದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) 2022ರಲ್ಲಿ ಐಎಸ್ 19000 ಅಂತ ಆನ್‌ಲೈನ್ ರಿವ್ಯೂಗೇ ಒಂದು ಮಾನದಂಡ ತಂತು, ಆದ್ರೆ ಕಡ್ಡಾಯ ಮಾಡ್ಲಿಲ್ಲ, ಮಾಡ್ಬೇಕು ಅನ್ನೋನು ನಾನು. 2024ರಲ್ಲಿ ಗೂಗಲ್ 24 ಕೋಟಿಗೂ ಹೆಚ್ಚು ರಿವ್ಯೂ ತಡೆದು ತೆಗೆದುಹಾಕಿದೀನಿ ಅಂತ ಹೇಳ್ಕೊಂಡಿದೆ, ಅಷ್ಟಾದ್ರೂ ನಮ್ ರೂಟಲ್ಲಿ ಈ ಗುಂಪು ಇನ್ನೂ ಸಿಕ್ತಾನೇ ಇದೆ.

ರಿವ್ಯೂ ಒಳಗೆ ಹುಡುಕೋಕೆ ನಾನು ಎರಡು ಪದ ಟೈಪ್ ಮಾಡ್ತೀನಿ, ಒಂದು "ಬಸ್", ಗುಂಪು ಬಂದಾಗ ಹೇಗೆ ನಡೆಸ್ಕೊಂಡ್ರು ಅಂತ ಗೊತ್ತಾಗುತ್ತೆ. ಇನ್ನೊಂದು ಪದ ಹೇಳಲ್ಲ, ಅದು ನನ್ ಹೊಟ್ಟೆಪಾಡು.

ದುಡ್ಡಿನ ಕಡೆ ಒಂದು ಬದಲಾವಣೆ ಮಾಡ್ಲೇಬೇಕು. ಡ್ರೈವರಿಗೆ ತಾನು ಯಾವಾಗ್ಲೂ ನಿಲ್ಸೋ ಹೋಟ್ಲಲ್ಲಿ ಫ್ರೀ ಊಟ, ಮೇಲೆ ಕಮಿಷನ್ ಇರುತ್ತೆ, ಅದು ತಪ್ಪಿದ್ರೆ ನೀವು ಆರಿಸಿದ ಹೋಟ್ಲು ಬಂದಾಗ ಬೇಕಂತಲೇ ಮುಂದೆ ಹೋಗ್ಬಿಡ್ತಾನೆ. ನಾನು ದಿನಕ್ಕೆ ಮುನ್ನೂರು ಬಾಟಾ ಜಾಸ್ತಿ ಕೊಟ್ಟು, ಊಟಾನೂ ನಮ್ ಜೊತೇಲೇ ಅಂತ ಮೊದ್ಲೇ ಮಾತಾಡ್ಕೊಳ್ತೀನಿ. ಮೂರು ದಿನದ ಟ್ರಿಪ್ಪಿಗೆ ಒಂಬೈನೂರು ಹೋಗುತ್ತೆ, ಮೊದಲು ಹತ್ತರಲ್ಲಿ ಎರಡೋ ಮೂರೋ ಪಾರ್ಟಿ ಮತ್ತೆ ಬರ್ತಿದ್ದಿದ್ದು ಈಗ ಅರ್ಧಕ್ಕರ್ಧ ವಾಪಸ್ ಬರ್ತಿದಾರೆ.