ಮಲ್ಚಿಂಗ್ ಹಾಳೆಯ ಕೆಳಗೆ ಜೀವಾಣು ಗೊಬ್ಬರ: ನನ್ನ ಅನುಭವ

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಎರಡೂವರೆ ಎಕರೆಯಲ್ಲಿ ನಾನು ಟೊಮೆಟೊ ಬೆಳೆಯುತ್ತೇನೆ. ಜೀವಾಣು ಗೊಬ್ಬರ ನನಗೆ ಹೊಸದಲ್ಲ. ಲಿಗ್ನೈಟ್ (ಕಂದು ಕಲ್ಲಿದ್ದಲು) ಪುಡಿಯಲ್ಲಿ ಬರುವ, ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಅಜೋಸ್ಪಿರಿಲಂ ಬ್ಯಾಕ್ಟೀರಿಯಾ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪೊಟ್ಟಣಗಳನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹೊಲಕ್ಕೆ ಎರಚುವ ಕೆಲಸವನ್ನು ಹಲವು ವರ್ಷ ಮಾಡಿದ್ದೆ. ಶಾಸ್ತ್ರಕ್ಕೆ ಮುಗಿಸುತ್ತಿದ್ದೆ ಎನ್ನುವುದೇ ಸರಿ. ಆಳುಗಳು ಬರುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ, ಎರಚಿ ಮುಗಿಯುತ್ತಿದ್ದುದು ಉರಿಬಿಸಿಲಿನಲ್ಲಿ, ಅದನ್ನು ಮಣ್ಣಿಗೆ ಸೇರಿಸಲು ಟ್ರ್ಯಾಕ್ಟರ್ ಸಿಗುತ್ತಿದ್ದುದು ಮರುದಿನ. ಅಷ್ಟು ಹೊತ್ತಿಗೆ ಪುಡಿಯಲ್ಲಿ ಜೀವವೆಷ್ಟು ಉಳಿದಿತ್ತೋ ದೇವರೇ ಬಲ್ಲ.

ಏರುಮಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಲು ಶುರುಮಾಡಿದ ಮೇಲೆ ಈ ಶಾಸ್ತ್ರವೂ ಕಷ್ಟವಾಯಿತು. ಒಮ್ಮೆ ಹಾಳೆ ಬಿಗಿದರೆ ಬೇರಿನ ಬಳಿಗೆ ಏನನ್ನೇ ಮುಟ್ಟಿಸಬೇಕೆಂದರೂ ಉಳಿಯುವುದು ಎರಡೇ ದಾರಿ: ಸಸಿಯ ಜೊತೆಯಲ್ಲೇ ಒಳಗೆ ಹೋಗಬೇಕು, ಇಲ್ಲವೇ ಡ್ರಿಪ್ ನೀರಿನಲ್ಲಿ ಹರಿದು ಬರಬೇಕು. ನಾನು ಎರಡನ್ನೂ ಹಿಡಿದೆ.

ಮೊದಲನೆಯದು ಸುಲಭವಾಗಿ ಕೈಗೆ ಹತ್ತಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ' ಎಂಬ ಪುಡಿಯಲ್ಲಿ ಸಾರಜನಕ ಸ್ಥಿರೀಕರಿಸುವ, ರಂಜಕ ಮತ್ತು ಸತುವನ್ನು ಕರಗಿಸುವ ಜೀವಾಣುಗಳು ಒಟ್ಟಿಗೇ ಇವೆ. ಇದನ್ನು ಕಿಲೋ ಕೋಕೋಪೀಟಿಗೆ (ತೆಂಗಿನ ನಾರಿನ ಪುಡಿಗೆ) 10 ಗ್ರಾಂನಂತೆ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿಟ್ಟು, ಆಮೇಲೆ ಸಸಿ ಬೆಳೆಸುವ 98 ಗುಳಿಯ ಪ್ರೋಟ್ರೇಗಳಿಗೆ ತುಂಬಿಸುತ್ತೇನೆ. ಎಕರೆಯಗಲ ಎರಚುವಾಗ ಮಣ್ಣಿನಲ್ಲಿ ಕಳೆದುಹೋಗುತ್ತಿದ್ದುದು ಇಲ್ಲಿ ಬೇರು ಮೊಳೆಯುವ ಜಾಗದಲ್ಲೇ ಸಿಗುತ್ತದೆ. ಇಪ್ಪತ್ತೈದನೆಯ ದಿನ ಸಸಿಯ ಕತ್ತು ಹಿಡಿದು ಮೆಲ್ಲಗೆ ಎಳೆದರೆ ಕೋಕೋಪೀಟ್ ಉದುರದೆ, ಬಿಳಿ ಬೇರುಗಳ ಬಲೆಯಲ್ಲಿ ಗುಳಿಯ ಆಕಾರದಲ್ಲೇ ಅಚ್ಚು ಹಾಕಿದಂತೆ ಹೊರಗೆ ಬರುತ್ತದೆ. ಪುಡಿ ಬೆರೆಸದ ಟ್ರೇಯಲ್ಲಿ ಅದೇ ವಯಸ್ಸಿನ ಸಸಿಗಳ ತಳಭಾಗ ಕೈಯಲ್ಲೇ ಕಳಚಿಕೊಂಡಿತ್ತು. ಸಸಿ ಕೊಳೆಗೆ ಶಿಲೀಂಧ್ರನಾಶಕ ಹಾಕಲೇಬೇಕಾಗಿ ಬಂದರೆ, ವಾರ ಬಿಟ್ಟು ಲೀಟರಿಗೆ 20 ಗ್ರಾಂ ಪುಡಿ ಕಲಸಿದ ನೀರನ್ನು ಟ್ರೇಗೆ ಮತ್ತೊಮ್ಮೆ ಉಣಿಸುತ್ತೇನೆ.

ಡ್ರಿಪ್ ಮಾತ್ರ ನನ್ನನ್ನು ಚೆನ್ನಾಗಿ ಸತಾಯಿಸಿತು. ಮೊದಲ ಸಲ ಜಾಣತನವೆಂದುಕೊಂಡು ಲಿಗ್ನೈಟ್ ಪುಡಿಯನ್ನೇ ಡ್ರಮ್ಮಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಡ್ರಿಪ್ ನೀರಿಗೆ ಗೊಬ್ಬರ ಎಳೆದುಕೊಳ್ಳುವ ವೆಂಚುರಿಗೆ ಕೊಟ್ಟೆ. ಕಾಲು ಗಂಟೆಯಲ್ಲಿ ಫಿಲ್ಟರಿನ ಜಾಲರಿ ಕರಿ ಕೆಸರಿನಿಂದ ಕಟ್ಟಿಕೊಂಡಿತು. ಆಗ ದ್ರವರೂಪದ ಗೊಬ್ಬರಕ್ಕೆ ಬದಲಾದೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶಗಳಿದ್ದರೆ ಸಾಕು, ದ್ರವದಲ್ಲಿ ಮಿಲಿಲೀಟರಿಗೆ 10 ಕೋಟಿ ಇರಬೇಕು. ಅಜೋಸ್ಪಿರಿಲಂನಂಥವು ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಹಾಗೆ ಗಟ್ಟಿ ಬೀಜಕಣ ಕಟ್ಟಿಕೊಂಡು ಬರಗಾಲ ಕಳೆಯಲಾರವು. ಆದ್ದರಿಂದ ದ್ರವದಲ್ಲಿ ಗ್ಲಿಸರಾಲ್‌ನಂಥ ರಕ್ಷಕಗಳನ್ನು ಸೇರಿಸಿರುತ್ತಾರೆ. ಆದರೂ ತಗಡಿನ ಚಾವಣಿಯಡಿ ಬೇಯುತ್ತಿದ್ದ ಒಂದು ಅಂಗಡಿಯಿಂದ ತಂದ ಬಾಟಲಿಯನ್ನು ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆದದ್ದುಂಟು. ಈಗ ತಯಾರಿಕೆಯ ದಿನಾಂಕ ನೋಡುವ ಮೊದಲು ಬಾಟಲಿಗಳನ್ನು ಎಲ್ಲಿ ಇಟ್ಟಿದ್ದಾರೆಂದು ನೋಡುತ್ತೇನೆ.

ದೊಡ್ಡ ತಪ್ಪು ನನ್ನದೇ. ನಮ್ಮ ಕೊಳವೆಬಾವಿಯ ಗಡಸು ನೀರಿಗೆ ಡ್ರಿಪ್ಪರುಗಳಲ್ಲಿ ಸುಣ್ಣ ಕಟ್ಟುವುದರಿಂದ ಆಗಾಗ ಆಮ್ಲ ಹಾಯಿಸಿ ತೊಳೆಯಬೇಕಾಗುತ್ತದೆ. ಒಮ್ಮೆ ಹಾಗೆ ತೊಳೆದ ಮರುದಿನವೇ ದ್ರವಗೊಬ್ಬರ ಬಿಟ್ಟೆ. ಮುಗಿದ ಮೇಲೆ ಏನೋ ಅನುಮಾನ ಬಂದು ಕೊನೆಯ ಲ್ಯಾಟರಲ್‌ನ (ಸಾಲಿನುದ್ದ ಹಾಸಿದ ಸಣ್ಣ ಕೊಳವೆಯ) ಮುಚ್ಚಳ ಬಿಚ್ಚಿ, ತೊಟ್ಟಿಕ್ಕಿದ ನೀರಿಗೆ ಆಮ್ಲತೆ ತೋರಿಸುವ ಪಿಎಚ್ ಪಟ್ಟಿ ಹಿಡಿದರೆ ಬಣ್ಣ ನಾಲ್ಕರ ಹತ್ತಿರ ನಿಂತಿತು. ಕೊಳವೆಯ ತುದಿಗಳಲ್ಲಿ ಆಮ್ಲ ಹಾಗೆಯೇ ಉಳಿದಿತ್ತು; ಜೀವಾಣುಗಳನ್ನು ಅದರೊಳಗೆ ನಾನೇ ಕೈಯಾರೆ ತಳ್ಳಿದ್ದೆ. ಅಂದಿನಿಂದ ಎಲ್ಲ ತುದಿಗಳನ್ನೂ ತೆರೆದು ತೊಳೆದು, ಎರಡು ದಿನ ಬರೀ ನೀರು ಹರಿಸಿ, ಪಟ್ಟಿಯಲ್ಲಿ ಏಳರ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ನೀರಿನ ಬಣ್ಣ ಕಂಡ ಮೇಲಷ್ಟೇ ಬಾಟಲಿ ಮುಟ್ಟುತ್ತೇನೆ. ಬ್ಲೀಚಿಂಗ್ ಪುಡಿ ಬಳಸಿದರೂ ಇದೇ ನಿಯಮ.

ಈಗ ಸಂಜೆ ಐದರ ಮೇಲೆ ಮೊದಲ ಇಪ್ಪತ್ತು ನಿಮಿಷ ಬರೀ ನೀರು, ನಂತರ ಎಕರೆಗೆ 1 ಲೀಟರ್ ದ್ರವಗೊಬ್ಬರ, ಕೊನೆಗೆ ಹತ್ತು ನಿಮಿಷ ಮತ್ತೆ ನೀರು. ಬೆಲ್ಲ ಸೇರಿಸುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಬೆಲ್ಲದ ನೀರಿಗೆ ಕೊಳವೆಯೊಳಗೆ ಲೋಳೆ ಬೆಳೆದು ಡ್ರಿಪ್ಪರ್ ಕಟ್ಟಿತ್ತು. ರಸಗೊಬ್ಬರವನ್ನು ಅದೇ ದಿನ ಬಿಡುವುದಿಲ್ಲ.

ಇಳುವರಿ ಎಷ್ಟು ಹೆಚ್ಚಿತೆಂದು ಕೇಳುವವರಿಗೆ ಕೊಡಲು ನನ್ನಲ್ಲಿ ನಂಬುವಂಥ ಲೆಕ್ಕವಿಲ್ಲ. ರಂಜಕದ ರಸಗೊಬ್ಬರವಾದ ಡಿಎಪಿಯನ್ನು ಎಕರೆಗೆ ಒಂದು ಮೂಟೆ ಇಳಿಸಿದರೂ ಬೆಳೆ ಸೊರಗಲಿಲ್ಲ, ನಾಟಿಯಾದ ಮೇಲೆ ಸತ್ತ ಸಸಿಗಳ ಜಾಗ ತುಂಬುವ ಕೆಲಸ ಕಡಿಮೆಯಾಯಿತು. ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಹೋಲಿಕೆಗೆಂದು ಜೀವಾಣು ಕೊಡದೆ ಬಿಟ್ಟಿದ್ದ ನಾಲ್ಕು ಸಾಲುಗಳು ಕಳೆದ ಸಲ ಬದುವಿನ ತೆಂಗಿನ ನೆರಳಿಗೆ ಸಿಕ್ಕಿ ಲೆಕ್ಕವೇ ಕೆಟ್ಟಿತು. ಈ ಸಲ ಅವನ್ನು ಹೊಲದ ನಡುವೆಯೇ ಬಿಟ್ಟು, ಪ್ರತ್ಯೇಕ ವಾಲ್ವ್ ಹಾಕಿಸಿದ್ದೇನೆ.