ತೊಟ್ಟಿಮನೆಯಲ್ಲಿ ಸದಾರಮೆ: ಹಳೆ ಸಂಗೀತ ನಾಟಕದೊಳಗೆ ಜನರನ್ನು ನಡೆಸುವ ಬಗೆ

ನಾನು ಪೆಟ್ಟಿಗೆ ಬಾರಿಸುವವನು. ಸಾಗರ ಸೀಮೆಯ ನಮ್ಮೂರ ತಂಡದ 'ಸದಾರಮೆ'ಗೆ 22 ವರ್ಷ ಕಾಲು ಹಾರ್ಮೋನಿಯಂ ತುಳಿದಿದ್ದೇನೆ. ರಾಜಕುಮಾರನನ್ನು ಮದುವೆಯಾದ ಸದಾರಮೆ ಅವನಿಂದ ಅಗಲಿ, ಕಳ್ಳನ ಕೈಗೆ ಸಿಕ್ಕಿ, ಕೊನೆಗೆ ಗಂಡನನ್ನು ಸೇರುವ ಹಳೇ ಕಂಪನಿ ನಾಟಕ ಅದು. ಅದೇ ಸ್ಟೇಜು, ಅದೇ ಅರಮನೆ ಪರದೆ. ಕೊನೆಕೊನೆಗೆ ಮುಂದಿನ ಸಾಲಿನವರೇ ಮೊಬೈಲ್ ನೋಡುತ್ತಿದ್ದರು. ಆಮೇಲೆ ಒಂದು ವರ್ಷ ಅದನ್ನು ಹಳೇ ತೊಟ್ಟಿಮನೆಯೊಳಗೆ ಆಡಿದೆವು. ಜನ ಕುರ್ಚಿಯಲ್ಲಿ ಕೂರಲಿಲ್ಲ, ನಾಟಕದ ಹಿಂದೆಯೇ ಮನೆಯೆಲ್ಲ ಸುತ್ತಿದರು. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿಯಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಇದು ನಮಗೇನೂ ಪರಕೀಯವಲ್ಲ. ಬಯಲಾಟದಲ್ಲಿ ಮಹಿಷಾಸುರ ದೊಂದಿ ಹಿಡಿದು, ರಾಳ ಎರಚಿಸಿಕೊಂಡು ಜನರ ಮಧ್ಯದಿಂದಲೇ ಬರುತ್ತಾನೆ. ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ನಾಟಕವಾಗಿ 2010ರಲ್ಲಿ ಮೈಸೂರು ರಂಗಾಯಣದ ಬಯಲಿನಲ್ಲಿ ಇಡೀ ರಾತ್ರಿ ನಡೆದಾಗ ಜನ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಿದ್ದರು. ನ್ಯೂಯಾರ್ಕಿನಲ್ಲಿ 'ಫ್ಯಾಂಟಮ್ ಆಫ್ ದಿ ಆಪೆರಾ' 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡು ನಿಂತಿತು. 2025ರಲ್ಲಿ ಅದೇ ಕಥೆ, ಅದೇ ಹಾಡು ಒಂದು ಕಟ್ಟಡದೊಳಗೆ ಮತ್ತೆ ಶುರುವಾಯಿತು. ಅಲ್ಲಿ ನೋಡುಗರೂ ಮುಖವಾಡ ಹಾಕಿಕೊಂಡು, ಅರವತ್ತರವತ್ತು ಜನರ ಗುಂಪಾಗಿ ಕೋಣೆಯಿಂದ ಕೋಣೆಗೆ ಹೋಗುತ್ತಾರೆ. ಹದಿನೈದು ನಿಮಿಷಕ್ಕೊಂದು ಗುಂಪು ಒಳಗೆ. ಹಾಗೆ ಮಾಡಲು ಪ್ರತಿ ಪಾತ್ರಕ್ಕೂ ಹಲವು ನಟರು ಬೇಕು. ನಮ್ಮಲ್ಲಿ ಸದಾರಮೆ ಒಬ್ಬಳೇ, ಅವಳಿಗೂ ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡಲಿಕ್ಕಿದೆ. ನೀವೂ ಒಂದೇ ಗುಂಪು ಇಟ್ಟುಕೊಳ್ಳಿ. ನಲವತ್ತು ಜನ ಸಾಕು.

ಮೊದಲು ತಿಂಗಳು ಗೊತ್ತುಮಾಡಿ. ಮಳೆಗಾಲದ ಮಾತೇ ಬೇಡ. ಅಡಿಕೆ ಗೊನೆ ಕೊಯ್ಲಿನ ಹೊತ್ತಲ್ಲಿ ಅಂಗಳದ ತುಂಬ ಅಡಿಕೆ ಇರುತ್ತದೆ, ಮನೆಯವರಿಗೆ ನಿಮ್ಮನ್ನು ಮಾತಾಡಿಸಲೂ ಪುರಸೊತ್ತಿರುವುದಿಲ್ಲ. ಅಡಿಕೆ ಒಣಗಿ ಅಂಗಳ ಖಾಲಿಯಾದ ಮೇಲೆ, ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವೆ ಮಾಡಿ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ, ಹಾಡು. ಡೈರೆಕ್ಟರು ನನ್ನ ಸೋದರಳಿಯ. ಮೊದಲ ದಿನವೇ "ಮಾವ, ಹದಿನೆಂಟು ಹಾಡು ಯಾರು ಕೇಳ್ತಾರೆ? ಒಂಬತ್ತಕ್ಕೆ ಇಳಿಸೋಣ" ಅಂದ. ಎರಡು ವಾರ ಜಗಳವಾಡಿದೆವು. ಅವನ ಲೆಕ್ಕದಲ್ಲಿ ಜನ ನಡೆಯುವ ಹೊತ್ತು ದಂಡ. ನಾನು ಒಂದು ಸಂಜೆ ಮನೆಯ ಹೆಬ್ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತೆ. ನೆರೆಕೆರೆಯ ನಲವತ್ತು ಜನ ಆ ಬಾಗಿಲು ದಾಟಲು ಎರಡು ನಿಮಿಷ ಬೇಕಾಯಿತು. ಒಂದು ಪಲ್ಲವಿ, ಒಂದು ಚರಣದಷ್ಟು ಹೊತ್ತು. ಆಮೇಲೆ ಅವನೂ ಒಪ್ಪಿದ. ಜನ ಹಾಡಿನಲ್ಲಿ ನಡೆಯಬೇಕು, ಮಾತು ಶುರುವಾದಾಗ ನಿಲ್ಲಬೇಕು. ಕೊನೆಗೆ ಹದಿನಾಲ್ಕು ಹಾಡು ಉಳಿದವು.

ಕಂಪನಿ ನಾಟಕದವರಿಗೆ ಇದು ಸಲೀಸು. ನಮ್ಮವರಿಗೆ 'ಒನ್ಸ್ ಮೋರ್' ಅಭ್ಯಾಸ ಉಂಟಲ್ಲ! ಜನ ಕೂಗಿದರೆ ಸತ್ತವನೂ ಎದ್ದು ಮತ್ತೆ ಹಾಡುತ್ತಿದ್ದ. ಈಗ ಯಾರೂ ಕೂಗಬೇಕಿಲ್ಲ, ಕೊನೆಯವರು ಹೊಸ್ತಿಲು ದಾಟುವವರೆಗೆ ಪಲ್ಲವಿ ತಿರುಗಿಸುತ್ತಿದ್ದರಾಯಿತು. ಗುಂಪಿನ ಹಿಂದೆ ಒಬ್ಬ ಆಳಿನ ವೇಷದವನನ್ನು ಇಡಿ. ಅವನು ಕೈಯಲ್ಲಿರುವ ಚೌಕ (ಟವೆಲ್ಲು) ಭುಜಕ್ಕೆ ಹಾಕಿಕೊಂಡರೆ ಹಾಡು ಮುಗಿಸಬಹುದು ಅಂತ ಅರ್ಥ.

ಪೆಟ್ಟಿಗೆ ಎಲ್ಲಿಡಬೇಕು? ಕಾಲು ಹಾರ್ಮೋನಿಯಂ ಹೊತ್ತು ತಿರುಗಲು ಆಗುವುದಿಲ್ಲ. ನಾನು ಜಗುಲಿ ಮೂಲೆಯಲ್ಲಿ, ತೊಟ್ಟಿಗೆ ಮುಖಮಾಡಿ ಕೂತೆ. ತೊಟ್ಟಿಯ ತಲೆ ಮೇಲೆ ಆಕಾಶ, ಆದರೂ ಸುತ್ತಲಿನ ಗೋಡೆ ಸ್ವರವನ್ನು ನಡುಮನೆಗೂ ಉಪ್ಪರಿಗೆಗೂ ಮುಟ್ಟಿಸುತ್ತದೆ. ತೋಟಕ್ಕೆ ಮಾತ್ರ ಮುಟ್ಟುವುದಿಲ್ಲ. ಅಲ್ಲಿ ಸ್ಪೀಕರ್ ಇಟ್ಟು ನೋಡಿದೆವು, ಒಂದೇ ಹಾಡು ಎರಡು ಸಲ ಕೇಳಿತು. ಕೈಪೆಟ್ಟಿಗೆ ಕಳಿಸಿದರೆ ಅದರ ಶ್ರುತಿ ನನ್ನದಕ್ಕಿಂತ ಕೂದಲೆಳೆ ಮೇಲೆ. ಕೊನೆಗೆ ತೋಟದಲ್ಲಿ ವಾದ್ಯವೇ ಬೇಡ ಅಂದೆವು. ಕೈತಾಳ ಒಂದೇ. ಕಳ್ಳನ ಕಂಬಳಿಯೊಳಗೆ ಮೊಬೈಲಿನಲ್ಲಿ ತಂಬೂರಿ ಸಣ್ಣಗೆ ಮೀಟುತ್ತಿತ್ತು. ಕೇಳಿದವರು ಜೀರುಂಡೆ ಅಂದುಕೊಂಡರು.

ಜನರಿಗೂ ಒಂದು ಪಾತ್ರ ಕೊಡಿ. ನಮ್ಮಲ್ಲಿ ಅವರು ಸದಾರಮೆ ಮದುವೆಯ ನೆಂಟರು. ಬಾಗಿಲಲ್ಲಿ ಪಾನಕ ಕೊಟ್ಟು, "ದಾರಿಯಲ್ಲಿ ತ್ರಾಸಾಯ್ತಾ?" ಅಂತ ಕೇಳಿದರೆ ಸಾಕು, ಮಲೆನಾಡಿನವರು ತಾವಾಗಿಯೇ ನೆಂಟರಾಗಿಬಿಡುತ್ತಾರೆ. ಪಾತ್ರಧಾರಿ ಮಾತಾಡಿಸಬಹುದು ಅಂತ ಒಪ್ಪಿದವರ ಕೈಗೆ ಮಾತ್ರ ಅರಿಶಿನ ದಾರ ಕಟ್ಟಿದೆವು. ದಾರ ಇಲ್ಲದವರನ್ನು ಮುಟ್ಟುವಂತಿಲ್ಲ, ಕೆಣಕುವಂತಿಲ್ಲ. ನಟರಿಗೆ ಇದನ್ನು ಖಡಕ್ಕಾಗಿ ಹೇಳಿ, ಮುಖ್ಯವಾಗಿ ಕಳ್ಳನಿಗೆ. ಗುಬ್ಬಿ ವೀರಣ್ಣನವರು ಹೆಸರು ಮಾಡಿದ ಪಾತ್ರ ಅದು, ಯಾರು ಮಾಡಿದರೂ ಕೈ ಸ್ವಲ್ಪ ಉದ್ದವಾಗುತ್ತದೆ. ನಮ್ಮವನು ಮೊದಲ ದಿನ ಒಬ್ಬರ ಕನ್ನಡಕವನ್ನೇ ಎತ್ತಿಟ್ಟುಕೊಂಡ. ಪಾಪ, ಅವರು ಅರ್ಧ ನಾಟಕ ಮಬ್ಬುಮಬ್ಬಾಗಿ ನೋಡಿದರು.

ಕಾಡಿನ ದೃಶ್ಯಕ್ಕೆ ನಿಜವಾದ ಕಾಡಿಗೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆಗಳಿಗೆ ಬೇಸಿಗೆಯೇ ಸುಗ್ಗಿ. ಕಾಡಿನಿಂದ ದರಕು, ಅಂದರೆ ಒಣಗಿದ ಎಲೆ, ತಂದು ನೆಲಕ್ಕೆ ಹಾಸುವುದೂ ಬೇಡ, ಉಣ್ಣೆ ಅದರ ಜೊತೆಗೇ ಬರಬಹುದು. ನಾವು ಮನೆ ಹಿಂದಿನ ಅಡಿಕೆ ತೋಟದ ಗುಡಿಸಿದ ದಾರಿಯಲ್ಲಿ ಆಡಿದೆವು. ಮೂರು ಲಾಟೀನು, ಸುತ್ತ ನೆಟ್ಟಗಿನ ಮರ. ಅಷ್ಟಕ್ಕೇ ಮಕ್ಕಳು ಅಮ್ಮಂದಿರ ಸೆರಗು ಹಿಡಿದರು. ಬಸಿಗಾಲುವೆಗೆ ಮಾತ್ರ ಹಲಗೆ ಹಾಕಿ, ಬದಿಗೆ ಸುಣ್ಣ ಎಳೆಯಿರಿ. ನಮ್ಮ ರಿಹರ್ಸಲ್‌ನಲ್ಲಿ ರಾಜಕುಮಾರನೇ ಅದಕ್ಕೆ ಬಿದ್ದ.

ಉಪ್ಪರಿಗೆಗೆ ಜನರನ್ನು ಹತ್ತಿಸಬೇಡಿ, ಹಳೇ ಹಲಗೆಯನ್ನು ನಂಬುವಂತಿಲ್ಲ. ಸದಾರಮೆ ಮೇಲಿನ ಕಿಟಕಿಯಲ್ಲಿ ಹಾಡಲಿ, ಜನ ತೊಟ್ಟಿಯಲ್ಲಿ ನಿಂತು ಕತ್ತೆತ್ತಲಿ. ಗ್ಯಾಸ್‌ಲೈಟ್ ನೋಡಲು ಚಂದ, ಆದರೆ ಅದರ ಭುಸ್ ಸದ್ದು ಮೆಲ್ಲಗಿನ ಹಾಡನ್ನೆಲ್ಲ ನುಂಗುತ್ತದೆ. ಅದನ್ನು ಅಂಗಳದಲ್ಲೇ ಬಿಡಿ.

ಕೊನೆಗೆ ಊಟ. ನಾಟಕ ಮುಗಿದ ಮೇಲೆ ಅಲ್ಲ, ಊಟವೇ ಕೊನೆಯ ದೃಶ್ಯ. ಅಗಲಿದವರು ಸೇರಿದ ಮೇಲೆ ನೆಂಟರೆಲ್ಲ ಪಂಕ್ತಿಗೆ ಕೂರುತ್ತಾರೆ. ಪಂಕ್ತಿಯಲ್ಲಿ ಗ್ರಂಥ, ಅಂದರೆ ಊಟದ ನಡುವೆ ಶ್ಲೋಕ, ಹೇಳುವುದು ಹವ್ಯಕರ ಮನೆಯಲ್ಲಿ ರೂಢಿ. ಅದೇ ಜಾಗದಲ್ಲಿ ನಮ್ಮ ಸೂತ್ರಧಾರ ಪಾಯಸದ ಪಾತ್ರೆ ಹಿಡಿದೇ ಮಂಗಳ ಹಾಡಿದ. ಎರಡನೇ ದಿನ ಎಂಬತ್ತು ದಾಟಿದ ಅಜ್ಜ ಒಬ್ಬರು ಎಲೆ ಮುಂದೆ ಕೂತಲ್ಲೇ ಅವನ ಜೊತೆ ದನಿ ಕೂಡಿಸಿದರು. ನಾವು ಬಿಟ್ಟಿದ್ದ ಒಂದು ಚರಣ ಅವರಿಗೆ ಬಾಯಿಪಾಠವಿತ್ತು. ಮೂರನೇ ದಿನದಿಂದ ಅದನ್ನೂ ಸೇರಿಸಿಕೊಂಡೆವು, ಲೆಕ್ಕ ಹದಿನಾಲ್ಕೂವರೆ ಆಯಿತು.

ಚಪ್ಪಲಿ ವಿಷಯ ಮರೆತಿದ್ದೆ. ಜನ ಚಪ್ಪಲಿ ಬಿಡುವುದು ಹೆಬ್ಬಾಗಿಲಲ್ಲಿ, ತೋಟಕ್ಕೆ ಹೋಗುವುದು ಹಿತ್ತಿಲ ಬಾಗಿಲಿಂದ. ಎರಡನೇ ಹಾಡಿನ ಹೊತ್ತಿಗೆ ಇಬ್ಬರು ಹುಡುಗರು ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿ ಹಿಂದೆ ತಂದಿಡಬೇಕು, ಜೋಡಿ ಜೋಡಿಗೆ ಬಾಳೆನಾರು ಕಟ್ಟಿ. ಮೊದಲ ದಿನ ನಾರು ಕಟ್ಟಿರಲಿಲ್ಲ. ನಾನು ಮನೆಗೆ ಹೋಗಿದ್ದು ಒಂದು ಕಾಲಿಗೆ ನನ್ನದು, ಇನ್ನೊಂದಕ್ಕೆ ಯಾರದ್ದೋ ಹಾಕಿಕೊಂಡು.